ಹೃದಯ ನಿಂತು ನಡೆದ ಮೇಲೂ ಎಚ್ಚರವಾಗದಿದ್ದರೆ

(ನಮ್ಮ ಹಾಲು ಉತ್ಪಾದಕರ ಸಹಕಾರಿ ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಜರಗಿದ ಆರೋಗ್ಯ ಮಾಹಿತಿ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಹಾಲು, ಹಿಂಡಿ, ಬೋನಸ್ ವಿಷಯ ಮಾತನಾಡಲು ಬೇಕಾದಷ್ಟು ಜನ ಇದ್ದಾರೆ. ನನಗೆ ಆರೋಗ್ಯದ ವಿಷಯ ಎರಡು ಮಾತು ಹೇಳಲು ಕಾರ್ಯದರ್ಶಿಯವರು ಸೂಚಿಸಿದ್ದಾರೆ. ನಾನು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಅಡಿಕೆ ತೋಟ ಮತ್ತು ನಾಲ್ಕು ದನ ನೋಡಿಕೊಂಡು ಇರುವವನು. ಆದರೆ ಕಳೆದ ಕೆಲವು ವರ್ಷಗಳಲ್ಲಿ ಸದಸ್ಯರ ಮನೆಯವರ ಜೊತೆ ಆಸ್ಪತ್ರೆಯ ಐ.ಸಿ.ಯು. ಹೊರಗಿನ ಬೆಂಚಿನಲ್ಲಿ ಕೂತುಕೊಂಡದ್ದು ಸುಮಾರು ಉಂಟು. ಅಲ್ಲಿ ಡಾಕ್ಟರುಗಳನ್ನು ಕೇಳಿ, ನರ್ಸಿಂಗ್ ಓದಿದ ನನ್ನ ಅಕ್ಕನ ಮಗಳಿಂದ ಹೇಳಿಸಿಕೊಂಡು, ಬರೆದಿಟ್ಟುಕೊಂಡ ವಿಷಯಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ವಿಷಯ ಇದು. ಒಬ್ಬರ ಹೃದಯ ನಿಲ್ಲುತ್ತದೆ. ಎದೆ ಒತ್ತಿ, ಶಾಕ್ ಕೊಟ್ಟು, ಔಷಧಿ ಕೊಟ್ಟು ಹೃದಯ ಪುನಃ ನಡೆಯುತ್ತದೆ. ನಾಡಿ ಉಂಟು, ಬಿ.ಪಿ. ಉಂಟು. ಆದರೆ ಮನುಷ್ಯ ಕಣ್ಣು ಬಿಡುವುದಿಲ್ಲ, ಕರೆದರೆ ಓಗೊಡುವುದಿಲ್ಲ. ಇದಕ್ಕೆ ಕೋಮಾ ಎನ್ನುತ್ತಾರೆ. ಆಗ ಮನೆಯವರಿಗೆ ಇರುವ ಪ್ರಶ್ನೆ ಒಂದೇ: "ಇವರು ಎಚ್ಚರ ಆಗ್ತಾರಾ, ಇಲ್ವಾ?" ಈ ಪ್ರಶ್ನೆಗೆ ಉತ್ತರ ಹುಡುಕಲು ಈಗ ಮೆದುಳಿನ ಚಟುವಟಿಕೆಯನ್ನು ಅಳೆದು ನೋಡುವ ಕ್ರಮ ಉಂಟು. ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದುಕೊಂಡರೆ ನಾವು ಅವಸರದಲ್ಲಿ ತಪ್ಪು ತೀರ್ಮಾನ ಮಾಡುವುದು ಕಡಿಮೆಯಾದೀತು.

ಮೊದಲು ಒಂದು ಗೊಂದಲ ಪರಿಹಾರ ಮಾಡಿಕೊಳ್ಳೋಣ. ನಾವು ಎಲ್ಲದಕ್ಕೂ "ಹಾರ್ಟ್ ಅಟ್ಯಾಕ್" ಎಂದು ಬಿಡುತ್ತೇವೆ. ಹಾರ್ಟ್ ಅಟ್ಯಾಕ್ ಎಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು. ರೋಗಿ ಎದೆನೋವು ಎಂದು ಮಾತನಾಡುತ್ತಾ ಇರಬಹುದು. ಹೃದಯ ಸ್ತಂಭನ ಎಂದರೆ ಹೃದಯ ಬಡಿಯುವುದೇ ನಿಂತುಬಿಡುವುದು. ಹಾರ್ಟ್ ಅಟ್ಯಾಕ್‌ನಿಂದ ಹೃದಯ ಸ್ತಂಭನ ಆಗಬಹುದು. ಆದರೆ ನಮ್ಮ ಊರುಗಳಲ್ಲಿ ಬೇರೆ ಕಾರಣಗಳೂ ಉಂಟು. ಪಂಪಿನ ಶೆಡ್ಡಿನಲ್ಲಿ ಶಾಕ್ ಹೊಡೆಯುವುದು, ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿ ಅಥವಾ ಕಾರ್ಬನ್ ಫೈಬರ್ ದೋಟಿ ಲೈನಿಗೆ ತಾಗುವುದು, ಕುಮಾರಧಾರೆ, ಪಯಸ್ವಿನಿ, ಗೌರಿ ಹೊಳೆಗಳಲ್ಲಿ ಮುಳುಗುವುದು, ಹಾವು ಕಚ್ಚಿ ಉಸಿರು ನಿಲ್ಲುವುದು, ಇವುಗಳಿಂದಲೂ ಹೃದಯ ನಿಲ್ಲುತ್ತದೆ. ಕಾರ್ಬನ್ ಫೈಬರ್ ಹಗುರ ಎಂದು ಎಲ್ಲರೂ ತೆಗೆದುಕೊಳ್ಳುತ್ತಿದ್ದಾರೆ. ಅದರಲ್ಲೂ ಕರೆಂಟ್ ಹರಿಯುತ್ತದೆ ಎಂಬುದು ನೆನಪಿರಲಿ.

ಹೃದಯ ನಿಂತರೆ ಮೆದುಳಿಗೆ ಏನಾಗುತ್ತದೆ? ಮೆದುಳಿನ ತೂಕ ಸುಮಾರು ಒಂದು ಕಿಲೋ ಮುನ್ನೂರು, ನಾನ್ನೂರು ಗ್ರಾಂ. ಅಂದರೆ ದೇಹದ ತೂಕದ 100ರಲ್ಲಿ 2 ಪಾಲು. ಆದರೆ ದೇಹ ಉಪಯೋಗಿಸುವ ಆಮ್ಲಜನಕದಲ್ಲಿ 100ರಲ್ಲಿ 20 ಪಾಲು ಅದೊಂದಕ್ಕೇ ಬೇಕು. ಅದರಲ್ಲಿ ದಾಸ್ತಾನು ಎಂಬುದು ಇಲ್ಲ. ನಮ್ಮ ಹಟ್ಟಿಯಲ್ಲಿ ಬೈಹುಲ್ಲು ಎರಡು ತಿಂಗಳಿಗೆ ಇಡಬಹುದು. ಮೆದುಳಿನ ಹಟ್ಟಿಯಲ್ಲಿ ಹಾಗೆ ಇಡಲು ಆಗುವುದಿಲ್ಲ. ರಕ್ತ ನಿಂತ ಹತ್ತು ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ನಾಲ್ಕೈದು ನಿಮಿಷ ಕಳೆದರೆ ಜೀವಕೋಶಗಳಿಗೆ ಪೆಟ್ಟು ಬೀಳಲು ಪ್ರಾರಂಭ. ಹೃದಯ ಗಟ್ಟಿ ಸ್ನಾಯು, ಅದು ಪುನಃ ನಡೆಯುತ್ತದೆ. ಮೆದುಳು ಅಷ್ಟು ಸುಲಭದಲ್ಲಿ ಸುಧಾರಿಸುವುದಿಲ್ಲ.

ಆಮ್ಲಜನಕ ತಪ್ಪಿದ ಮೆದುಳಿನ ಕತೆ ನಮ್ಮ ರಾಜ್ಯಕ್ಕೆ ಹೊಸತಲ್ಲ. ಉತ್ತರ ಕನ್ನಡದ ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಎಂಬ ನರ್ಸ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ಒಬ್ಬ ವಾರ್ಡ್ ಬಾಯ್ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಆಕ್ರಮಣ ಮಾಡಿದ. ಅಲ್ಲಿ ಮೆದುಳಿಗೆ ಪೆಟ್ಟಾದದ್ದು ಕುತ್ತಿಗೆ ಬಿಗಿದದ್ದರಿಂದ, ಹೃದಯ ಸ್ತಂಭನದಿಂದ ಅಲ್ಲ. ಆದರೆ ಆಮ್ಲಜನಕ ತಪ್ಪಿದ ಪರಿಣಾಮ ಅದೇ. ನಲವತ್ತೊಂದು ವರ್ಷಕ್ಕಿಂತ ಹೆಚ್ಚು ಕಾಲ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದು 2015ರ ಮೇ 18ರಂದು ತೀರಿಕೊಂಡರು. ಅಷ್ಟೂ ವರ್ಷ ಅಲ್ಲಿಯ ನರ್ಸುಗಳು ಅವರನ್ನು ಮನೆಯವರಂತೆ ನೋಡಿಕೊಂಡರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಬೇಕೆಂದು ಒಬ್ಬ ಲೇಖಕಿ ಸುಪ್ರೀಂ ಕೋರ್ಟಿಗೆ ಹೋದಾಗ, 2011ರ ಮಾರ್ಚ್ 7ರಂದು ಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಕೆಲವು ಸಂದರ್ಭಗಳಲ್ಲಿ, ನ್ಯಾಯಾಲಯದ ಒಪ್ಪಿಗೆಯಿಂದ, ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದು ಎಂದು ಅದೇ ತೀರ್ಪಿನಲ್ಲಿ ಹೇಳಿತು. ಇಡೀ ದೇಶ ಈ ವಿಷಯ ಯೋಚಿಸುವ ಹಾಗೆ ಮಾಡಿದ್ದು ನಮ್ಮ ಹಳದೀಪುರದ ಒಬ್ಬ ಹೆಣ್ಣುಮಗಳ ಜೀವನ.

ಈಗ ಮೆದುಳನ್ನು ಅಳೆಯುವ ಯಂತ್ರದ ವಿಷಯಕ್ಕೆ ಬರುತ್ತೇನೆ. ಹೃದಯಕ್ಕೆ ಇ.ಸಿ.ಜಿ. ಇದ್ದ ಹಾಗೆ ಮೆದುಳಿಗೆ ಇ.ಇ.ಜಿ. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ಮಾನಸಿಕ ರೋಗ ತಜ್ಞರು 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆಯನ್ನು ಮೊದಲ ಬಾರಿ ಬರೆದು ತೆಗೆದರು. 1929ರಲ್ಲಿ ಅದನ್ನು ಪ್ರಕಟಿಸಿದರು. ತಲೆಯ ಚರ್ಮದ ಮೇಲೆ ಗೊತ್ತಾದ ಜಾಗಗಳಲ್ಲಿ, ಸಾಮಾನ್ಯವಾಗಿ ಇಪ್ಪತ್ತೊಂದು ಕಡೆ, ಸಣ್ಣ ಬಿಲ್ಲೆಗಳನ್ನು ಪೇಸ್ಟ್ ಹಾಕಿ ಅಂಟಿಸುತ್ತಾರೆ. ಅದರಿಂದ ವಯರು ಯಂತ್ರಕ್ಕೆ ಹೋಗುತ್ತದೆ. ಪರದೆಯಲ್ಲಿ ಗೆರೆಗಳು ಓಡುತ್ತವೆ.

"ತಲೆಗೆ ಕರೆಂಟ್ ಕೊಡ್ತಾರಂತೆ" ಎಂದು ಹೆದರಿ ಬೇಡ ಎಂದವರನ್ನು ನಾನು ನೋಡಿದ್ದೇನೆ. ಇ.ಇ.ಜಿ.ಯಲ್ಲಿ ಕರೆಂಟ್ ಕೊಡುವುದು ಇಲ್ಲವೇ ಇಲ್ಲ. ತಲೆಯಿಂದ ಬರುವುದನ್ನು ಓದುವುದು ಮಾತ್ರ. ಅದೂ ಎಷ್ಟು? ನಮ್ಮ ಟಾರ್ಚಿನ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹತ್ತರಿಂದ ನೂರು ಪಾಲು, ಅಷ್ಟೇ ತಲೆಯ ಮೇಲೆ ಸಿಗುವುದು. ಆದ್ದರಿಂದ ಸಣ್ಣ ಅಡ್ಡಿಯೂ ಗೆರೆಯನ್ನು ಕೆಡಿಸುತ್ತದೆ. ನಮ್ಮಲ್ಲಿ ರೋಗಿಯ ನೆತ್ತಿಗೆ ಎಣ್ಣೆ ಇಡುವ ಕ್ರಮ ಉಂಟು. ತಲೆಯಲ್ಲಿ ಎಣ್ಣೆ ಇದ್ದರೆ ಬಿಲ್ಲೆ ಸರಿಯಾಗಿ ಹಿಡಿಯುವುದಿಲ್ಲ. ಪ್ರಸಾದ ಹಣೆಗೆ ಹಚ್ಚಿ, ನೆತ್ತಿಗೆ ಎಣ್ಣೆ ಬೇಡ.

ಗೆರೆಯಲ್ಲಿ ಏನು ನೋಡುತ್ತಾರೆ? ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ.

ಒಂದು, ಅಲೆ ನಿಲ್ಲದೆ ಹರಿಯುತ್ತಾ ಉಂಟೋ ಎಂದು. ಮಳೆಗಾಲದ ತೋಡಿನ ಹಾಗೆ ಹರಿಯುತ್ತಾ ಇದ್ದರೆ, ಅದೂ ಮೊದಲ ದಿನವೇ ಹಾಗೆ ಕಂಡರೆ, ಅದು ಒಳ್ಳೆಯ ಲಕ್ಷಣ.

ಎರಡು, ಬಿಟ್ಟು ಬಿಟ್ಟು ಬರುವುದು. ಬಾವಿಯಲ್ಲಿ ನೀರು ತಳ ಹಿಡಿದಾಗ ಪಂಪು ಗಾಳಿ ಎಳೆದು ಒಮ್ಮೆ ಬುಸ್ ಎಂದು ನೀರು ಬಿಟ್ಟು, ಪುನಃ ಸುಮ್ಮನಾಗುತ್ತದಲ್ಲ, ಹಾಗೆ. ಒಂದು ಎದ್ದುನಿಂತ ಅಲೆ, ನಂತರ ಕೆಲವು ಸೆಕೆಂಡು ಏನೂ ಇಲ್ಲ. ಒಂದು ದಿನ ಕಳೆದ ಮೇಲೂ ಹೀಗೇ ಇದ್ದರೆ ಗಂಭೀರ.

ಮೂರು, ಗೆರೆ ಚಪ್ಪಟೆ ಇರುವುದು. ಹೃದಯ ನಡೆಯಲು ಪ್ರಾರಂಭವಾದ ಮೊದಲ ಕೆಲವು ಗಂಟೆಗಳಲ್ಲಿ ಗೆರೆ ಚಪ್ಪಟೆ ಇದ್ದು ಆಮೇಲೆ ಸುಧಾರಿಸಿದವರು ಇದ್ದಾರೆ. ಆದ್ದರಿಂದ ಮೊದಲ ರಾತ್ರಿಯ ಗೆರೆ ನೋಡಿ ಎದೆ ಒಡೆದುಕೊಳ್ಳಬಾರದು. 24 ಗಂಟೆ ಕಳೆದ ಮೇಲೂ ಚಪ್ಪಟೆ ಇದ್ದರೆ ಅದು ಕೆಟ್ಟ ಲಕ್ಷಣ.

ನಾಲ್ಕು, ಹೊರಗಿನಿಂದ ಎಬ್ಬಿಸಿದರೆ ಅಲೆ ಬದಲಾಗುತ್ತದೋ ಎಂದು ನೋಡುವುದು. ಹೆಸರು ಹಿಡಿದು ಕರೆಯುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಉಗುರು ಒತ್ತುತ್ತಾರೆ. ಕೈಕಾಲು ಅಲ್ಲಾಡದಿದ್ದರೂ ಗೆರೆ ಬದಲಾದರೆ ಒಳಗೆ ಯಾರೋ ಕೇಳಿಸಿಕೊಂಡ ಹಾಗೆ.

ಐದು, ಅಪಸ್ಮಾರ. ಹೊರಗೆ ಒಂದು ಬೆರಳೂ ಅಲುಗದೆ ಮೆದುಳಿನ ಒಳಗೆ ಮಾತ್ರ ಫಿಟ್ಸ್ ನಡೆಯುತ್ತಾ ಇರಬಹುದು. ಇದು ಕಣ್ಣಿಗೆ ಕಾಣುವುದಿಲ್ಲ, ಇ.ಇ.ಜಿ.ಯಲ್ಲಿ ಮಾತ್ರ ಕಾಣುತ್ತದೆ. ಕಂಡರೆ ಔಷಧಿ ಕೊಡಬಹುದು. ಆದರೆ ಔಷಧಿ ಕೊಟ್ಟ ಕೂಡಲೇ ಎಲ್ಲ ಸರಿಯಾಗುತ್ತದೆ ಎಂದೂ ಇಲ್ಲ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನ ಆಸ್ಪತ್ರೆಗಳಲ್ಲಿ ಹೃದಯ ಸ್ತಂಭನದ ನಂತರ ಕೋಮಾದಲ್ಲಿದ್ದು, ಗೆರೆಯಲ್ಲಿ ಇಂಥ ಅಲೆ ಕಂಡ 172 ರೋಗಿಗಳ ಮೇಲೆ ಒಂದು ಅಧ್ಯಯನ ನಡೆದು 2022ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಆ ಅಲೆಗಳನ್ನು ಅಡಗಿಸಲು ಪ್ರಬಲ ಔಷಧಿ, ಉಳಿದವರಿಗೆ ಎಂದಿನ ಆರೈಕೆ ಮಾತ್ರ. ಮೂರು ತಿಂಗಳ ನಂತರ ನೋಡಿದರೆ ಔಷಧಿ ಕೊಟ್ಟವರಲ್ಲಿ ನೂರಕ್ಕೆ 90 ಮಂದಿಗೆ, ಕೊಡದವರಲ್ಲಿ ನೂರಕ್ಕೆ 92 ಮಂದಿಗೆ ಫಲ ಕೆಟ್ಟದೇ ಆಗಿತ್ತು. ಅಂದರೆ ಆ ಚಿಕಿತ್ಸೆಯಿಂದ ಹೇಳುವಂಥ ವ್ಯತ್ಯಾಸ ಆಗಲಿಲ್ಲ. ಆದರೆ ಇನ್ನೊಂದು ಕಡೆಯಿಂದಲೂ ಆ ಲೆಕ್ಕ ನೋಡಿ. ಅಂಥ ಕೆಟ್ಟ ಗೆರೆ ಇದ್ದವರಲ್ಲೂ ಹತ್ತರಲ್ಲಿ ಒಬ್ಬರಷ್ಟು ಮಂದಿ ಸುಧಾರಿಸಿದ್ದಾರೆ.

ಇಲ್ಲಿ ನಮಗೆಲ್ಲ ಅರ್ಥವಾಗುವ ಒಂದು ವಿಷಯ ಹೇಳಬೇಕು. ನಾವು ಸಂಘದಲ್ಲಿ ಹಾಲನ್ನು ಲ್ಯಾಕ್ಟೋಮೀಟರ್ ಒಂದರಿಂದ ಮಾತ್ರ ನೋಡುತ್ತೇವೆಯೇ? ಇಲ್ಲ. ನೀರು ಹಾಕಿದರೆ ಲ್ಯಾಕ್ಟೋಮೀಟರ್ ರೀಡಿಂಗ್ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವನ ಹಾಲು ಲ್ಯಾಕ್ಟೋಮೀಟರಿಗೆ ಒಳ್ಳೆಯದಾಗಿಯೇ ಕಾಣುತ್ತದೆ. ಆದ್ದರಿಂದ ಫ್ಯಾಟನ್ನೂ ನೋಡುತ್ತೇವೆ. ಮೆದುಳಿನ ವಿಷಯದಲ್ಲೂ ಹಾಗೆಯೇ. ಇ.ಇ.ಜಿ. ಒಂದರಿಂದಲೇ ತೀರ್ಮಾನ ಮಾಡುವಂತಿಲ್ಲ. ರೋಗಿಯನ್ನು ವೆಂಟಿಲೇಟರಿನಲ್ಲಿ ಮಲಗಿಸಿ ಇಡಲು ಕೊಡುವ ನಿದ್ರೆಯ ಔಷಧಿಯಿಂದಲೂ ಅಲೆ ತಗ್ಗುತ್ತದೆ. ಕಿಡ್ನಿ, ಲಿವರ್ ಸರಿ ಇಲ್ಲದವರಲ್ಲಿ ಆ ಔಷಧಿ ಬೇಗ ದೇಹದಿಂದ ಹೋಗುವುದಿಲ್ಲ.

ಹಾಗಾಗಿ ಬೇರೆ ಏನೇನು ನೋಡುತ್ತಾರೆ? ಕಣ್ಣಿಗೆ ಟಾರ್ಚ್ ಹಾಕಿ ಪಾಪೆ ಸಣ್ಣದಾಗುತ್ತದೋ ನೋಡುತ್ತಾರೆ. ಕಣ್ಣಿನ ಕರಿಗುಡ್ಡೆಗೆ ಮೆಲ್ಲ ತಾಗಿಸಿ ರೆಪ್ಪೆ ಮುಚ್ಚುತ್ತದೋ ನೋಡುತ್ತಾರೆ. ನೋವು ಮಾಡಿದರೆ ಕೈ ಹೇಗೆ ಆಡಿಸುತ್ತಾರೆ ಎಂದು ನೋಡುತ್ತಾರೆ. ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ತಟ್ಟು ಕೊಟ್ಟು ಆ ಸುದ್ದಿ ಮೆದುಳಿಗೆ ಮುಟ್ಟಿತೋ ಎಂದು ನೋಡುವ ಪರೀಕ್ಷೆ ಒಂದುಂಟು. ಮೆದುಳಿನ ಕೋಶ ಒಡೆದಾಗ ರಕ್ತಕ್ಕೆ ಬರುವ ಒಂದು ಅಂಶವನ್ನು ಎರಡನೇ, ಮೂರನೇ ದಿನ ಅಳೆಯುತ್ತಾರೆ. ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಉಂಟು. ಎಲ್ಲ ಆಸ್ಪತ್ರೆಗಳಲ್ಲೂ ಎಲ್ಲವೂ ಇರುವುದಿಲ್ಲ. ರಾತ್ರಿ ಹಗಲು ಇ.ಇ.ಜಿ. ಹಾಕಿ ಇಡುವುದು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ. ಉಳಿದ ಕಡೆ ಅರ್ಧ ಗಂಟೆ ತೆಗೆದು, ಮರುದಿನ ಪುನಃ ತೆಗೆಯುತ್ತಾರೆ. ಹಾಗೆ ಎರಡು ಮೂರು ಸಲ ತೆಗೆದರೂ ಉಪಯೋಗ ಉಂಟು.

ಯುರೋಪಿನ ತಜ್ಞರು 2021ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಹೇಳಿದ್ದು ಹೀಗೆ. ಹೃದಯ ನಡೆಯಲು ಪ್ರಾರಂಭವಾಗಿ 72 ಗಂಟೆ ಕಳೆದ ಮೇಲೂ, ನಿದ್ರೆಯ ಔಷಧಿಯ ಪ್ರಭಾವ ಇಲ್ಲದಿರುವಾಗಲೂ ರೋಗಿಗೆ ಎಚ್ಚರ ಇಲ್ಲದಿದ್ದರೆ ಆಗ ಲೆಕ್ಕ ಹಾಕಬೇಕು. ಕೆಟ್ಟ ಲಕ್ಷಣಗಳಲ್ಲಿ ಕಡಿಮೆಯೆಂದರೆ ಎರಡು ಒಟ್ಟಿಗೆ ಇದ್ದರೆ ಮಾತ್ರ ಆಸೆ ಬಹಳ ಕಡಿಮೆ ಎನ್ನಬಹುದು. ಲಕ್ಷಣಗಳು ಒಂದಕ್ಕೊಂದು ಹೊಂದದಿದ್ದರೆ ಕಾದು ಪುನಃ ನೋಡಬೇಕು. ಮೂರು ದಿನ ಕಳೆದ ಮೇಲೆ, ಒಂದು ವಾರ ಕಳೆದ ಮೇಲೂ ಎಚ್ಚರವಾದವರು ಇದ್ದಾರೆ.

ಇಷ್ಟು ಜಾಗ್ರತೆ ಯಾಕೆ ಬೇಕು? ಒಂದು ಅಡಿಕೆ ಗಿಡ ಬಾಡಿದೆ ಎಂದು ಇಟ್ಟುಕೊಳ್ಳಿ. ಇದು ಹೇಗೂ ಸಾಯುವ ಗಿಡ ಎಂದು ನೀರು ನಿಲ್ಲಿಸಿದೆವು. ಗಿಡ ಸತ್ತಿತು. "ನೋಡಿ, ನಾನು ಹೇಳಿದ್ದು ಸರಿಯಾಯಿತು" ಎಂದರೆ ಅದು ಸರಿಯೇ? ನೀರು ಹಾಕಿದ್ದರೆ ಚಿಗುರುತ್ತಿತ್ತೋ ಏನೋ, ಯಾರಿಗೆ ಗೊತ್ತು? ರೋಗಿಯ ವಿಷಯದಲ್ಲೂ ಬೇಗ ಆಸೆ ಬಿಟ್ಟು ಯಂತ್ರ ತೆಗೆದರೆ ನಮ್ಮ ಭವಿಷ್ಯ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಪ್ರಪಂಚದ ಡಾಕ್ಟರುಗಳೂ ಈ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ಆದ್ದರಿಂದಲೇ ಎರಡು ಮೂರು ಪರೀಕ್ಷೆ, ಮೂರು ದಿನ ಎಂಬ ನಿಯಮ.

ನಮ್ಮ ಊರಿನ ಎರಡು ಮನೆಗಳ ವಿಷಯ ಹೇಳುತ್ತೇನೆ. ಹೆಸರು, ಗುರುತು ಹೇಳುವುದು ಸರಿಯಲ್ಲ.

ಒಂದು ಮನೆಯ ಯಜಮಾನರು ಬೆಳಿಗ್ಗೆ ಹಟ್ಟಿಯಲ್ಲಿ ಕುಸಿದು ಬಿದ್ದರು. ಪಕ್ಕದ ಮನೆಯ ಹುಡುಗ ಕಾಲೇಜಿನಲ್ಲಿ ಕಲಿತಿದ್ದ, ಕೂಡಲೇ ಎದೆ ಒತ್ತಲು ಶುರು ಮಾಡಿದ. ಆಸ್ಪತ್ರೆಯಲ್ಲಿ ಹೃದಯ ನಡೆಯಿತು, ಎಚ್ಚರ ಬರಲಿಲ್ಲ. ಮರುದಿನ ಸಂಜೆ ಬಂಧುಗಳು ಸೇರಿ, "ಇನ್ನು ಎಂತ ಉಂಟು, ಮನೆಗೆ ಕೊಂಡು ಹೋಗುವ, ಉಸಿರು ಮನೆಯಲ್ಲಿ ಹೋಗಲಿ" ಎಂದು ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ದುಡ್ಡಿನ ಕಷ್ಟ ನೋಡಿ ಹೇಳಿದ್ದು. ಅವರ ಮನೆಯವರು ಮಾತ್ರ, "ಡಾಕ್ಟರು ಮೂರು ದಿನ ಹೇಳಿದ್ದಾರೆ, ಮೂರು ದಿನ ಆಗಲಿ" ಎಂದು ಹಟ ಹಿಡಿದರು. ಇ.ಇ.ಜಿ.ಯಲ್ಲಿ ಅಲೆ ಹರಿಯುತ್ತಾ ಇತ್ತು, ಕರೆದರೆ ಬದಲಾಗುತ್ತಾ ಇತ್ತು. ಐದನೇ ದಿನ ಕಣ್ಣು ಬಿಟ್ಟರು. ಈಗ ಮನೆಯಲ್ಲಿದ್ದಾರೆ. ಮೊದಲಿನ ಹಾಗೆ ಇಲ್ಲ. ಹೆಸರು ಮರೆಯುತ್ತಾರೆ, ಹಾಲಿನ ಲೆಕ್ಕ ಮಗ ನೋಡಬೇಕು. ಆದರೆ ಮೊಮ್ಮಗಳನ್ನು ಎತ್ತಿಕೊಂಡು ಜಗಲಿಯಲ್ಲಿ ಕೂರುತ್ತಾರೆ.

ಇನ್ನೊಂದು ಮನೆಯಲ್ಲಿ ತಾಯಿಯೊಬ್ಬರು. ಬಿದ್ದು ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಿಲ್ಲ. ತೋಟದಲ್ಲಿ ಬಿದ್ದದ್ದು. ಒಂದು ವಾರದಲ್ಲಿ ಮೂರು ಸಲ ಇ.ಇ.ಜಿ. ತೆಗೆದರು, ಕಣ್ಣಿನ ಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡಿದರು. ಎಲ್ಲವೂ ಒಂದೇ ಮಾತು ಹೇಳಿದವು. ಮಕ್ಕಳು ಕೂತು ಮಾತನಾಡಿ, ಡಾಕ್ಟರುಗಳ ಜೊತೆ ಮಾತನಾಡಿ, ಇನ್ನು ಹೆಚ್ಚಿನ ಚಿಕಿತ್ಸೆ ಬೇಡ ಎಂದು ಒಪ್ಪಿಕೊಂಡರು. ಅವರದ್ದೂ ಸರಿಯಾದ ತೀರ್ಮಾನವೇ. "ನಾವು ಅಮ್ಮನನ್ನು ಬಿಟ್ಟುಬಿಟ್ಟೆವು" ಎಂದು ಅವರು ಜೀವಮಾನ ಇಡೀ ಕೊರಗಬೇಕಾಗಿಲ್ಲ. ಗೆರೆ ಒಮ್ಮೆ ಕಾಯಿರಿ ಎನ್ನುತ್ತದೆ, ಒಮ್ಮೆ ಕೈಮುಗಿದು ಬೀಳ್ಕೊಡಿ ಎನ್ನುತ್ತದೆ. ಎರಡನ್ನೂ ಕೇಳುವ ತಾಳ್ಮೆ ನಮಗೆ ಬೇಕು.

ಇನ್ನು ಮೂರು ಮಾತುಗಳ ವ್ಯತ್ಯಾಸ. ಕೋಮಾ ಎಂದರೆ ಕಣ್ಣು ಮುಚ್ಚಿ ಎಚ್ಚರವಿಲ್ಲದೆ ಇರುವುದು. ಕೆಲವು ವಾರಗಳಲ್ಲಿ ಕೆಲವರು ಕಣ್ಣು ಬಿಡುತ್ತಾರೆ, ನಿದ್ದೆ ಎಚ್ಚರ ಎರಡೂ ಇರುತ್ತದೆ, ಆದರೆ ಅರಿವು ಇರುವುದಿಲ್ಲ. ಅರುಣಾ ಶಾನಭಾಗರ ಸ್ಥಿತಿ ಹೆಚ್ಚುಕಡಿಮೆ ಅಂಥದ್ದು ಎಂದು ಸುಪ್ರೀಂ ಕೋರ್ಟು ನೇಮಿಸಿದ ಡಾಕ್ಟರುಗಳು ಹೇಳಿದ್ದರು. ಮೂರನೆಯದು ಮೆದುಳು ಸಾವು. ಇದು ಕೋಮಾ ಅಲ್ಲ, ಸಾವು. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ನಾಲ್ವರು ಡಾಕ್ಟರುಗಳು, ಕಡಿಮೆಯೆಂದರೆ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ದೃಢೀಕರಿಸಬೇಕು. ಅಂಗಾಂಗ ದಾನದ ಪ್ರಶ್ನೆ ಬರುವುದು ಇಲ್ಲಿ. 2021ರ ಜೂನ್‌ನಲ್ಲಿ ಬೈಕ್ ಅಪಘಾತವಾದ ನಟ ಸಂಚಾರಿ ವಿಜಯ್ ಅವರ ಮನೆಯವರು ದಾನ ಮಾಡಿದ್ದು ಇಂಥ ಸಂದರ್ಭದಲ್ಲಿ. ಕೋಮಾದಲ್ಲಿರುವವರ ಅಂಗ ತೆಗೆದುಬಿಡುತ್ತಾರೆ ಎಂಬ ಸುದ್ದಿಯನ್ನು ನಂಬಬೇಡಿ, ಹರಡಬೇಡಿ.

ಹಾವಿನ ವಿಷಯ ಪ್ರತ್ಯೇಕ ಹೇಳಬೇಕು. ನಾಗರ ಹಾವು ಅಥವಾ ಕಟ್ಟ ಹಾವು ಕಚ್ಚಿದರೆ ವಿಷ ಸ್ನಾಯುಗಳನ್ನು ಕಟ್ಟಿ ಹಾಕುತ್ತದೆ. ರೆಪ್ಪೆ ಎತ್ತಲು ಆಗುವುದಿಲ್ಲ, ನಾಲಗೆ ಆಡುವುದಿಲ್ಲ, ಉಸಿರಾಟ ನಿಲ್ಲುತ್ತದೆ. ಕಣ್ಣಿನ ಪಾಪೆ ಕೂಡ ಟಾರ್ಚಿಗೆ ಸ್ಪಂದಿಸದೆ ಇರಬಹುದು. ನೋಡಿದವರಿಗೆ ಸತ್ತ ಹಾಗೆ, ಮೆದುಳು ಸತ್ತ ಹಾಗೆ ಕಾಣುತ್ತದೆ. ಆದರೆ ಒಳಗೆ ಮನುಷ್ಯನಿಗೆ ಪೂರ್ಣ ಎಚ್ಚರ ಇರಬಹುದು, ಎಲ್ಲ ಕೇಳಿಸುತ್ತಾ ಇರಬಹುದು. ನಮ್ಮ ದೇಶದ ಡಾಕ್ಟರುಗಳೇ ಇಂಥ ಪ್ರಕರಣಗಳನ್ನು ವರದಿ ಮಾಡಿದ್ದಾರೆ. ಇಂಥವರಿಗೆ ಇ.ಇ.ಜಿ. ಹಾಕಿದರೆ ಎಚ್ಚರದ ಅಲೆ ಕಾಣಬಹುದು. ಸಮಯಕ್ಕೆ ವೆಂಟಿಲೇಟರ್ ಮತ್ತು ವಿಷಕ್ಕೆ ಪ್ರತಿಯಾದ ಇಂಜೆಕ್ಷನ್ ಸಿಕ್ಕಿದರೆ ಎದ್ದು ನಡೆದುಕೊಂಡು ಮನೆಗೆ ಬರುತ್ತಾರೆ. ಆದ್ದರಿಂದ ಹಾವು ಕಚ್ಚಿದವರು ಅಲುಗದೆ ಮಲಗಿದ್ದಾರೆಂದು ಆಸೆ ಬಿಡಬೇಡಿ. ಅವರ ಹಾಸಿಗೆಯ ಪಕ್ಕದಲ್ಲಿ ನಿಂತು ಆಸ್ತಿ ಪಾಲಿನ ಮಾತು ಆಡಬೇಡಿ.

ಕೇಳಿಸುವ ವಿಷಯ ಹಾವು ಕಚ್ಚಿದವರಿಗೆ ಮಾತ್ರವಲ್ಲ. ಅಮೆರಿಕ ಮತ್ತು ಯುರೋಪಿನ ಆರು ಕಡೆಗಳಲ್ಲಿ ನಡೆದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಕಾರಣಗಳಿಂದ ಮೆದುಳಿಗೆ ಪೆಟ್ಟಾಗಿ, ಹೇಳಿದ ಮಾತಿಗೆ ಹೊರಗೆ ಯಾವ ಸ್ಪಂದನವೂ ಕೊಡದ 241 ಜನರನ್ನು ಇ.ಇ.ಜಿ. ಮತ್ತು ವಿಶೇಷ ಸ್ಕ್ಯಾನ್‌ನಿಂದ ಪರೀಕ್ಷೆ ಮಾಡಿದರು. "ಕೈ ಮುಚ್ಚಿ ತೆರೆಯಿರಿ ಎಂದು ಮನಸ್ಸಿನಲ್ಲಿ ಮಾಡಿ" ಎಂಬಂಥ ಆಜ್ಞೆ ಕೊಟ್ಟಾಗ 60 ಜನರ ಮೆದುಳು ಆ ಕೆಲಸ ಮಾಡಿದ್ದು ಕಂಡುಬಂತು. ಅಂದರೆ ನಾಲ್ಕರಲ್ಲಿ ಒಬ್ಬರು. ಇಂಥ ಪರೀಕ್ಷೆ ದೊಡ್ಡ ಸಂಶೋಧನಾ ಕೇಂದ್ರಗಳಲ್ಲಿ ಮಾಡುವಂಥದ್ದು. ಆದರೆ ಇದರಿಂದ ನಾವು ಕಲಿಯಬೇಕಾದ್ದು ಸರಳ. ಒಳಗೆ ಹೋದಾಗ ಕೈ ಹಿಡಿದು, ಹೆಸರು ಹೇಳಿ, ಮಾತನಾಡಿ.

ಈಗ ಮನೆಯವರು ಮಾಡಬೇಕಾದ್ದು. ಡಾಕ್ಟರಿಗೆ ಸರಿಯಾದ ಸಮಯ ಹೇಳಿ. ಬಿದ್ದದ್ದು ಎಷ್ಟು ಹೊತ್ತಿಗೆ, ಯಾರಾದರೂ ಎದೆ ಒತ್ತಿದರೋ, ಎಷ್ಟು ನಿಮಿಷ ಆದ ಮೇಲೆ, ಮೊದಲು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ನಂತರ ಈ ಪ್ರಶ್ನೆಗಳನ್ನು ಕೇಳಿ: ಇ.ಇ.ಜಿ. ತೆಗೆದಿದ್ದೀರಾ? ನಿದ್ರೆಯ ಔಷಧಿ ನಡೆಯುತ್ತಾ ಉಂಟೋ, ಯಾವಾಗ ನಿಲ್ಲಿಸಿದ್ದು? ಒಳಗೊಳಗೆ ಫಿಟ್ಸ್ ಉಂಟೋ? ಬೇರೆ ಪರೀಕ್ಷೆಗಳು ಇದೇ ಮಾತು ಹೇಳುತ್ತವೆಯೋ? ಪುನಃ ಯಾವಾಗ ನೋಡುತ್ತೀರಿ? ಹತ್ತು ಜನ ಹತ್ತು ಸಲ ಕೇಳುವುದು ಬೇಡ. ಮನೆಯಿಂದ ಒಬ್ಬರನ್ನು ನೇಮಿಸಿ, ಅವರು ಪುಸ್ತಕದಲ್ಲಿ ಬರೆದುಕೊಳ್ಳಲಿ.

ದುಡ್ಡಿನ ವಿಷಯ ಮುಚ್ಚಿಟ್ಟು ಪ್ರಯೋಜನ ಇಲ್ಲ. ಐ.ಸಿ.ಯು. ಖರ್ಚು ನಮ್ಮಂಥವರ ಬೆನ್ನು ಮುರಿಯುತ್ತದೆ. ಸಹಕಾರಿಗಳಿಗೆ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022-23ರಲ್ಲಿ ಮರುಜಾರಿಯಾಯಿತು. ಆಯುಷ್ಮಾನ್ ಕಾರ್ಡೂ ಉಂಟು. ಯಾವುದು ಅದರೊಳಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಮೊದಲ ದಿನವೇ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿ. ಅಲ್ಲಿ ಆಗದಿದ್ದರೆ ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಗೆ ಕಳುಹಿಸಬಹುದೋ ಎಂದು ಡಾಕ್ಟರನ್ನೇ ಕೇಳಿ. ಕೇಳಲು ನಾಚಿಕೆ ಬೇಡ.

ಎಲ್ಲ ಪರೀಕ್ಷೆ ಮುಗಿದು ಆಸೆ ಇಲ್ಲ ಎಂದಾದರೂ ಕಾನೂನು ಪ್ರಕಾರ ಹೋಗುವ ದಾರಿ ಉಂಟು. ಸುಪ್ರೀಂ ಕೋರ್ಟು 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, 2023ರಲ್ಲಿ ನಿಯಮಗಳನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಇದರ ಬಗ್ಗೆ ಸುತ್ತೋಲೆ ಹೊರಡಿಸಿತು. ಡಾಕ್ಟರುಗಳ ಎರಡು ಮಂಡಳಿಗಳು ಒಂದರ ನಂತರ ಒಂದು ಪರಿಶೀಲಿಸಿ, ಮನೆಯವರು ಒಪ್ಪಿದರೆ ಚಿಕಿತ್ಸೆ ನಿಲ್ಲಿಸಬಹುದು. ನಮಗೆ ಹಾಗಾದರೆ ಏನು ಮಾಡಬೇಕು ಎಂದು ಆರೋಗ್ಯವಾಗಿರುವಾಗಲೇ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಇಡಲೂ ಅವಕಾಶ ಉಂಟು.

ಕೊನೆಯದಾಗಿ ಒಂದು ಮಾತು. ಐ.ಸಿ.ಯು.ನ ಪರದೆಯಲ್ಲಿ ಓಡುವ ಗೆರೆ ಒಳ್ಳೆಯದಾಗುವುದೋ ಕೆಟ್ಟದಾಗುವುದೋ ಎಂಬುದು ಹೆಚ್ಚಾಗಿ ನಿಶ್ಚಯವಾಗುವುದು ಆಸ್ಪತ್ರೆಯಲ್ಲಲ್ಲ, ನಮ್ಮ ಅಂಗಳದಲ್ಲಿ. ಸುಳ್ಯದಲ್ಲಿ ಕೆ.ವಿ.ಜಿ. ಮೆಡಿಕಲ್ ಕಾಲೇಜು ಆಸ್ಪತ್ರೆ ಉಂಟು, ಪುತ್ತೂರಿನಲ್ಲಿ ಆಸ್ಪತ್ರೆಗಳು ಉಂಟು. ಆದರೆ ಕಡಬ, ಸುಬ್ರಹ್ಮಣ್ಯ ಕಡೆಯ ಒಳಗಿನ ಮನೆಗಳಿಂದ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂದು ನಿಮಗೇ ಗೊತ್ತು. ಮೆದುಳು ಅಷ್ಟು ಹೊತ್ತು ಕಾಯುವುದಿಲ್ಲ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ನಂತರ, ಸರಕಾರ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದು, ಹಾರ್ಟ್ ಅಟ್ಯಾಕ್ ಆದವರಿಗೆ ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನನ್ನು ತಾಲೂಕು ಆಸ್ಪತ್ರೆಗಳಲ್ಲೂ ಉಚಿತ ಕೊಡುವ ವ್ಯವಸ್ಥೆ ಮಾಡಿತು. ಎದೆನೋವು ಬಂದ ಕೂಡಲೇ ಹೋದರೆ ಹೃದಯ ನಿಲ್ಲುವುದನ್ನೇ ತಪ್ಪಿಸಬಹುದು. ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುಡಿದು ಮಲಗಬೇಡಿ.

ಹೃದಯ ನಿಂತೇ ಹೋದರೆ, ಕರೆದರೆ ಮಾತಿಲ್ಲ, ಸರಿಯಾದ ಉಸಿರಿಲ್ಲ ಎಂದು ಕಂಡ ಕೂಡಲೇ ಒಬ್ಬರು 108ಕ್ಕೆ ಫೋನು ಮಾಡಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ಒತ್ತಿ. ದೊಡ್ಡವರಿಗೆ ಐದಾರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಶಾಕ್ ಹೊಡೆದಿದ್ದರೆ ಮೊದಲು ಮೈನ್ ಸ್ವಿಚ್ ತೆಗೆಯಿರಿ, ಆಮೇಲೆ ಮುಟ್ಟಿ. ಮುಳುಗಿದವರಿಗೆ, ಹಾವು ಕಚ್ಚಿದವರಿಗೆ ಬಾಯಿಯಿಂದ ಉಸಿರು ಕೊಡುವುದೂ ಮುಖ್ಯ. 1960ರಲ್ಲಿ ಅಮೆರಿಕದ ಮೂವರು ತಜ್ಞರು ಎದೆ ಒತ್ತುವ ಈ ವಿಧಾನವನ್ನು ಪ್ರಕಟಿಸಿದಾಗ ಹೇಳಿದ್ದು, ಇದಕ್ಕೆ ಬೇಕಾದ್ದು ಎರಡು ಕೈಗಳು ಮಾತ್ರ ಎಂದು. ಹಾಲು ಕರೆಯುವ ನಮ್ಮ ಕೈಗಳಿಗೆ ಆ ಶಕ್ತಿ ಖಂಡಿತ ಉಂಟು.

ಸಂಘದ ಹಾಲು ಸಂಗ್ರಹಣೆ ಕೊಠಡಿಗೆ ದಿನಕ್ಕೆ ಎರಡು ಸಲ ಪ್ರತಿ ಮನೆಯಿಂದ ಒಬ್ಬರು ಬಂದೇ ಬರುತ್ತಾರೆ. ಎದೆ ಒತ್ತುವ ಕ್ರಮವನ್ನು ವರ್ಷಕ್ಕೆ ಒಮ್ಮೆ ಅಲ್ಲಿಯೇ ತಿಳಿದವರಿಂದ ಹೇಳಿಕೊಡಿಸುವ ಪ್ರಸ್ತಾಪವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡುತ್ತೇನೆ. ಬೆಳ್ಳಿ ಹಬ್ಬದ ನೆನಪಿಗೆ ಇದಕ್ಕಿಂತ ಕಡಿಮೆ ಖರ್ಚಿನ ಕೆಲಸ ನನಗೆ ಕಾಣುವುದಿಲ್ಲ. ತಾವೆಲ್ಲರೂ ಸಹಕರಿಸಬೇಕೆಂದು ಕೇಳಿಕೊಳ್ಳುತ್ತೇನೆ.